ಮನುಷ್ಯನಿಗೆ ಮಿತಿ ಇದೆ, ಮಂಗಟ್ಟೆಗೆ?

ಕಾಳಿಯ ದಡ (ಚರ್ಚೆ ಆರಂಭಿಸಿದವರು)

ನಮ್ಮ ಮನೆ ಮಲ್ಲಾಪುರದಿಂದ ಸ್ವಲ್ಪ ಒಳಗೆ, ಕಾಳಿ ನದಿಗೆ ಕೂಗಳತೆಯಲ್ಲಿದೆ. ಪಕ್ಕದ ತೋಟದ ಹಲಸಿನ ಮರಕ್ಕೆ ಕೈಗಾ ಅಣು ಸ್ಥಾವರದ ಪ್ರಯೋಗಾಲಯದವರು ವಿಕಿರಣ ಅಳೆಯುವ ಒಂದು ಪುಟ್ಟ ಡಬ್ಬಿ ಕಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಬಂದು ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಾರೆ. ನಮ್ಮ ಮನೆಯ ಮಕ್ಕಳು ಅದಕ್ಕೆ ‘ತಾಯಿತ’ ಎಂದು ಹೆಸರಿಟ್ಟಿದ್ದಾರೆ. ಬಂದವರು ಬಸಳೆ, ಹಾಲು, ಹೊಳೆ ಮೀನು ಎಲ್ಲವನ್ನೂ ದುಡ್ಡು ಕೊಟ್ಟೇ ಒಯ್ಯುತ್ತಾರೆ, ಬಿಟ್ಟಿಯಲ್ಲ.

ಕಳೆದ ಸಲ ಬಂದಾಗ ಅಮ್ಮ ಕಾಫಿ ಕೊಡುತ್ತಾ ಒಂದು ಪ್ರಶ್ನೆ ಕೇಳಿದಳು. ನಮ್ಮ ಬೆಟ್ಟದ ದೊಡ್ಡ ಮರವೊಂದರ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಮೊಟ್ಟೆಯಿಟ್ಟು ಬಾಗಿಲು ಮೆತ್ತಿಕೊಂಡು ಕುಳಿತಿದೆ. ಗಂಡು ದಿನವಿಡೀ ಹಣ್ಣು ತಂದು ಬಾಗಿಲಲ್ಲಿ ಬಿಟ್ಟ ಸೀಳಿನೊಳಗೆ ತುರುಕುತ್ತದೆ. “ನಮ್ಮ ಮೈಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತೀರಲ್ಲ, ಆ ಹಕ್ಕಿಯ ಲೆಕ್ಕ ಯಾರು ಹಾಕುತ್ತಾರೆ?” ಎಂದಳು. “ನಿಮಗೆ ಸುರಕ್ಷಿತ ಎಂದರೆ ಅದಕ್ಕೂ ಸುರಕ್ಷಿತ, ಅಮ್ಮ” ಎಂದರು ಅವರು. ವಿನಯದಿಂದಲೇ ಹೇಳಿದರು. ಆದರೆ ಅಮ್ಮನಿಗೂ ನನಗೂ ಸಮಾಧಾನವಾಗಲಿಲ್ಲ.

ತಿಳಿದವರು ಹೇಳಿ: ಮನುಷ್ಯನನ್ನು ಕಾಪಾಡಿದರೆ ಮರ, ಮೀನು, ಹಕ್ಕಿ ತಾವಾಗಿಯೇ ಉಳಿಯುತ್ತವೆ ಎಂಬುದಕ್ಕೆ ಆಧಾರವೇನು?

ಸುಮ್ಮನೆ ಓದುವವನು

ಒಳ್ಳೆಯ ಪ್ರಶ್ನೆ. ಇಲ್ಲೇ ಕುಳಿತಿದ್ದೇನೆ.

ಗುಬ್ಬಿ ಗೂಡು

ಅಣು ಸ್ಥಾವರ ಬಿಡಿ, ಊರೂರಿಗೆ ಮೊಬೈಲ್ ಟವರ್ ಬಂದಮೇಲೆ ಗುಬ್ಬಚ್ಚಿ ಕಾಣುತ್ತಿಲ್ಲ. ಆ ವಿಕಿರಣಕ್ಕೆ ಮಿತಿ ಹಾಕಿದವರು ಯಾರು?

ಎಣಿಕೆಗಾರ

ಗುಬ್ಬಿ ಗೂಡು ಅವರೇ, ಹೆಸರು ಒಂದೇ ಆದರೂ ಜಾತಿ ಬೇರೆ. ಟವರ್‌ನಿಂದ ಬರುವುದು ರೇಡಿಯೊ ತರಂಗ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿ ಅದಕ್ಕಿಲ್ಲ. ಕಿತ್ತುಹಾಕುವಂಥದ್ದಕ್ಕೆ ಮಾತ್ರ ಅಯಾನೀಕರಿಸುವ ವಿಕಿರಣ ಎನ್ನುತ್ತಾರೆ: ಆಲ್ಫಾ, ಬೀಟಾ, ಗಾಮಾ, ಎಕ್ಸ್‌ರೇ. ಡಿಎನ್‌ಎ ಎಳೆಗೆ ಏಟು ಬೀಳುವುದು ಅದರಿಂದ. ಗುಬ್ಬಿಗೆ ಹಂಚಿನ ಮನೆ ಹೋಗಿದ್ದು, ಅಂಗಳದಲ್ಲಿ ಕಾಳು ಕೇರುವುದು ನಿಂತಿದ್ದು ಕಾರಣ ಎಂದು ನನ್ನ ಗುಮಾನಿ. ಅದಕ್ಕೆ ಬೇರೆಯೇ ಚರ್ಚೆ ಮಾಡೋಣ.

ಈಗ ಮೂಲ ಪ್ರಶ್ನೆ. ನಾನು ಬೇರೊಂದು ರಾಜ್ಯದ ಸ್ಥಾವರದ ಪರಿಸರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಾಯಿಗೆ ಸಿಕ್ಕ ಉತ್ತರ ಆ ಹುಡುಗರು ಹೊಸೆದದ್ದಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವೇ 1977ರಲ್ಲಿ ಹೆಚ್ಚುಕಡಿಮೆ ಹಾಗೆಂದಿತ್ತು, 1990ರ ಶಿಫಾರಸಿನಲ್ಲಿ ಮತ್ತೆ ಹೇಳಿತು: ಮನುಷ್ಯನ ರಕ್ಷಣೆಗೆ ಬೇಕಾದಷ್ಟು ಬಿಗಿ ಮಾಡಿದರೆ ಉಳಿದ ಜೀವಜಾತಿಗಳಿಗೆ ಅಪಾಯವಿಲ್ಲ ಎಂದು. ನಾವೆಲ್ಲ ಅದನ್ನೇ ಕಂಠಪಾಠ ಮಾಡಿದ್ದೆವು. ತಮಾಷೆಯೆಂದರೆ ಆಯೋಗಕ್ಕೇ ಆಮೇಲೆ ಅದು ಸಾಲದೆನಿಸಿತು. 2007ರ ಶಿಫಾರಸಿನಲ್ಲಿ ಪರಿಸರದ ರಕ್ಷಣೆಯನ್ನು ಪ್ರತ್ಯೇಕ ಗುರಿಯಾಗಿ ಸೇರಿಸಿತು. 2008ರಲ್ಲಿ ಹನ್ನೆರಡು ಮಾದರಿ ಜೀವಿಗಳ ಪಟ್ಟಿಯನ್ನೂ ಕೊಟ್ಟಿತು.

ಸುಮ್ಮನೆ ಓದುವವನು

ಹನ್ನೆರಡರಲ್ಲಿ ಮಂಗಟ್ಟೆ ಇದೆಯೇ?

ಎಣಿಕೆಗಾರ

ಇಲ್ಲ. ಜಿಂಕೆ, ಇಲಿ, ಬಾತುಕೋಳಿ, ಕಪ್ಪೆ, ಟ್ರೌಟ್ ಮೀನು, ನಮ್ಮ ನಂಗಿನಂಥ ಚಪ್ಪಟೆ ಮೀನು, ಜೇನು, ಏಡಿ, ಎರೆಹುಳು, ಪೈನ್ ಮರ, ಕಾಡುಹುಲ್ಲು, ಕಂದು ಬಣ್ಣದ ಕಡಲಪಾಚಿ. ಇಷ್ಟೇ. ಹಕ್ಕಿಗಳ ಪರವಾಗಿ ಬಾತುಕೋಳಿಯೊಂದೇ ನಿಂತಿದೆ.

ಶಿರಸಿ ಜೇನುಪೆಟ್ಟಿಗೆ

ಟ್ರೌಟು, ಪೈನು! ಚಳಿ ದೇಶದವರು ತಮ್ಮ ಹಿತ್ತಿಲು ನೋಡಿ ಬರೆದ ಪಟ್ಟಿ ಎಂದು ಹೇಳಬೇಕಾಗಿಯೇ ಇಲ್ಲ. ಜೇನು ಸೇರಿಸಿದ್ದಕ್ಕೆ ಮಾತ್ರ ನನ್ನ ನಮಸ್ಕಾರ.

ಬೇಲಿಯ ಹೊರಗೆ

ನಾನು ಕೈಗಾ ವಿರೋಧಿಸಿದ ಪೀಳಿಗೆಯವನು. 1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರು ನಮ್ಮ ಕ್ಷೇತ್ರದಿಂದ ನಿಂತಾಗ ಗೋಡೆಗೆ ಸುಣ್ಣದಲ್ಲಿ ಬರೆದವರ ಪೈಕಿ ನಾನೂ ಒಬ್ಬ. ಸೋತೆವು, ಅದಿರಲಿ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಗುಮ್ಮಟದ ಒಳಮೈ ಕಳಚಿ ಬಿತ್ತು. ಪುಣ್ಯಕ್ಕೆ ಆಗ ಒಳಗೆ ಇಂಧನ ಇರಲಿಲ್ಲ. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಇದ್ದ ರಿಯಾಕ್ಟರಿನ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಸಿಕ್ಕಿತು. ಮನುಷ್ಯನ ನೀರಿನ ಕೂಲರ್ ಕಾಯಲಾಗದವರು ಮಂಗಟ್ಟೆ ಕಾಯುತ್ತಾರೆಯೇ?

ಶಿಫ್ಟ್ ಬಸ್

ಹಿರಿಯರೇ, ನಾನು ಅಲ್ಲಿನ ಗುತ್ತಿಗೆ ನೌಕರ. ಎರಡು ಮಾತು ಹೇಳಿ ಹೋಗುತ್ತೇನೆ. 2009ರದ್ದು ಸೋರಿಕೆಯಲ್ಲ, ಯಾರೋ ಬೇಕೆಂದೇ ಮಾಡಿದ ಕಿಡಿಗೇಡಿತನ ಎಂದೇ ಆಗ ಅಧಿಕಾರಿಗಳು ಹೇಳಿದ್ದು. ಅದು ಸಿಕ್ಕಿಬಿದ್ದದ್ದೂ ನಮ್ಮ ಮೂತ್ರವನ್ನು ಪರೀಕ್ಷಿಸುವ ಪದ್ಧತಿ ಇದ್ದುದರಿಂದಲೇ. ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದನ್ನೂ ಬರೆಯಿರಿ. ವರ್ಷವೂ ಇಲ್ಲಿ ಹಕ್ಕಿ ಎಣಿಸುವ ಮ್ಯಾರಥಾನ್ ನಡೆಯುತ್ತದೆ. ಹಕ್ಕಿಗೆ ತೊಂದರೆ ಇದ್ದಿದ್ದರೆ ಅಷ್ಟು ಬಗೆಯವು ಕಾಣುತ್ತಿದ್ದವೇ?

ಬೇಲಿಯ ಹೊರಗೆ

ತಮ್ಮಾ, ಕಿಡಿಗೇಡಿಯ ಕೈಗೆ ಭಾರಜಲ ಸಿಗುವಂತಿತ್ತು ಎಂಬುದೇ ನನ್ನ ದೂರು. ಇನ್ನು ಹಕ್ಕಿ ಇರುವುದು ಕಾಡು ಇರುವುದರಿಂದ, ಸ್ಥಾವರ ಇರುವುದರಿಂದಲ್ಲ.

ಮಂಗಳಗಂಗೋತ್ರಿ ಬಸ್ ಸ್ಟಾಪ್

ಇಬ್ಬರೂ ಸ್ವಲ್ಪ ತಾಳಿ. ಹಕ್ಕಿಯ ತಲೆ ಎಣಿಸುವುದು ಬೇರೆ, ಹಕ್ಕಿಗೆ ತಗಲಿದ ವಿಕಿರಣ ಎಣಿಸುವುದು ಬೇರೆ. ಜನ ಕಾಲಿಡದ ಕಡೆ ಪ್ರಾಣಿ ಹೆಚ್ಚುತ್ತವೆ. ಚೆರ್ನೋಬಿಲ್ ಸುತ್ತ ತೋಳ, ಕಾಡುಹಂದಿ ತುಂಬಿಕೊಂಡಿವೆ. ಅದರಿಂದ ವಿಕಿರಣ ಒಳ್ಳೆಯದು ಎಂದು ಹೇಳಲಾಗದು. ಮನುಷ್ಯನ ಕೋವಿ, ಕೊಡಲಿ ಅದಕ್ಕಿಂತ ಕೆಟ್ಟವು ಎಂದಷ್ಟೇ ಹೇಳಬಹುದು. ಅಲ್ಲಿನ ಹಕ್ಕಿ, ಕೀಟಗಳ ಸಂಖ್ಯೆ ಕುಗ್ಗಿದೆ ಎಂದು ಒಂದು ಗುಂಪಿನ ವಿಜ್ಞಾನಿಗಳು, ಅವರ ಎಣಿಕೆಯೇ ಸರಿಯಿಲ್ಲ ಎಂದು ಇನ್ನೊಂದು ಗುಂಪು ವರ್ಷಗಟ್ಟಲೆ ಜಗಳವಾಡುತ್ತಲೇ ಇದ್ದಾರೆ.

ಜಗಳವಿಲ್ಲದ ಸಂಗತಿ ಒಂದಿದೆ: ಅಲ್ಲಿನ ಪೈನ್ ಕಾಡು. 1986ರ ಏಪ್ರಿಲ್ 26ರ ಸ್ಫೋಟದ ನಂತರ ನೂರಾರು ಹೆಕ್ಟೇರ್ ಪೈನ್ ಮರಗಳು ಕೆಂಪಾಗಿ ಒಣಗಿ ಸತ್ತವು. ಅದಕ್ಕೇ ಕೆಂಪು ಕಾಡು ಎಂಬ ಹೆಸರು. ಅದೇ ಕಾಡಿನ ಬರ್ಚ್ ಮರಗಳು ಬಹುಮಟ್ಟಿಗೆ ಉಳಿದುಕೊಂಡವು. ಪೈನ್‌ನಂಥ ಮರಗಳ ಕ್ರೋಮೋಸೋಮು ದೊಡ್ಡದು, ಏಟು ಬೇಗ ತಗಲುತ್ತದೆ. ಜೇನುಪೆಟ್ಟಿಗೆಯವರು ನಕ್ಕ ಆ ಪೈನ್ ಪಟ್ಟಿಗೆ ಬಂದದ್ದು ಸುಮ್ಮನೆ ಅಲ್ಲ.

ಶಿರಸಿ ಜೇನುಪೆಟ್ಟಿಗೆ

ಸರಿ ಮಾರಾಯರೇ, ನಕ್ಕಿದ್ದನ್ನು ವಾಪಸು ತೆಗೆದುಕೊಂಡೆ. ಅರ್ಧದಷ್ಟು.

ಅರ್ಧ ಲೆಕ್ಕ

ನಾನು ಆಯೋಗದ ವಿಕಿರಣ ಮಿತಿಗಳನ್ನು ನೋಡಿದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ಜಿಂಕೆ, ಬಾತುಕೋಳಿ, ಪೈನ್‌ಗೆ ದಿನಕ್ಕೆ 0.1ರಿಂದ 1 ಮಿಲಿಗ್ರೇ. ಕಡಿಮೆಯದನ್ನೇ ಹಿಡಿದರೂ ವರ್ಷಕ್ಕೆ ಮೂವತ್ತಾರು ಆಯಿತು. ಜೇನು, ಏಡಿ, ಎರೆಹುಳುವಿಗೆ ದಿನಕ್ಕೆ 10ರಿಂದ 100! ಅಂದರೆ ಜಿಂಕೆಗೆ ನಮ್ಮ ಮೂವತ್ತಾರು ಪಟ್ಟು ಕೊಡಬಹುದು, ಜೇನಿಗೆ ಸಾವಿರಾರು ಪಟ್ಟು. ಇದು ರಕ್ಷಣೆಯೋ, ರಿಯಾಯಿತಿಯೋ?

ಎಣಿಕೆಗಾರ

ಗುಣಾಕಾರ ಸರಿ, ಅರ್ಥ ತಪ್ಪು. ಮೊದಲನೆಯದಾಗಿ, ಸೀವರ್ಟ್ ಎಂಬುದು ಮನುಷ್ಯನ ಮೈಗೆ ಹೊಲಿದ ಅಂಗಿ. ಯಾವ ಅಂಗಕ್ಕೆ ಎಷ್ಟು ಕ್ಯಾನ್ಸರ್ ಅಪಾಯ ಎಂಬ ತೂಕ ಅದರೊಳಗೆ ಸೇರಿದೆ. ಎರೆಹುಳುವಿಗೆ ಅದನ್ನು ತೊಡಿಸಲಾಗದು, ಅದಕ್ಕೆ ಮೈ ಹೀರಿದ ಶಕ್ತಿಯನ್ನಷ್ಟೇ ಅಳೆಯುವ ಗ್ರೇಯೇ ಗತಿ. ಎರಡನೆಯದಾಗಿ, ಅದು ಮಿತಿಯಲ್ಲ. ‘ಇಷ್ಟಕ್ಕೆ ಬಂದರೆ ನಿಂತು ಯೋಚಿಸು’ ಎಂಬ ಮಟ್ಟ. ಅದರವರೆಗೆ ತುಂಬಿಸಿಕೊಳ್ಳಲು ಯಾರಿಗೂ ಪರವಾನಗಿ ಕೊಟ್ಟಿಲ್ಲ.

ಮೂರನೆಯದೇ ನಿಜವಾದ ವ್ಯತ್ಯಾಸ. ಮನುಷ್ಯರಲ್ಲಿ ಒಬ್ಬೊಬ್ಬರನ್ನೂ ಕಾಯುತ್ತೇವೆ. ನಲವತ್ತು ವರ್ಷದ ನಂತರ ಒಬ್ಬನಿಗೆ ಕ್ಯಾನ್ಸರ್ ಬಂದರೂ ಅದು ಲೆಕ್ಕಕ್ಕೆ ಬರುತ್ತದೆ. ಕಪ್ಪೆಗೆ ಹಾಗಿಲ್ಲ. ಕಪ್ಪೆಯ ಸಂತತಿ ಮುಂದುವರಿಯುತ್ತದೆಯೇ, ಮೊಟ್ಟೆ ಒಡೆಯುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಇದು ವಿಜ್ಞಾನಕ್ಕಿಂತ ಹೆಚ್ಚಾಗಿ ನಾವು ಮನುಷ್ಯರು ಮಾಡಿಕೊಂಡ ತೀರ್ಮಾನ. ಒಪ್ಪದಿರುವ ಹಕ್ಕು ನಿಮಗಿದೆ.

ಅರ್ಧ ಲೆಕ್ಕ

ಒಪ್ಪುವುದಿಲ್ಲ. ಆದರೆ ಈಗ ಅರ್ಥವಾಯಿತು.

ಕಾಳಿಯ ದಡ

ಎಣಿಕೆಗಾರ ರಾಯರೇ, ಧನ್ಯವಾದ. ನನಗೆ ಚುಚ್ಚುತ್ತಿರುವುದು ಬೇರೆ. ಸ್ಥಾವರದ ಸುತ್ತ ಜನವಸತಿ ಇರಬಾರದು ಎಂದು ಬೇಲಿ ಹಾಕುತ್ತಾರೆ. ಮನುಷ್ಯನ ಲೆಕ್ಕ ಹಾಕುವುದು ಆ ಬೇಲಿಯ ಹೊರಗೆ ನಿಂತವನಿಗೆ. ಒಳಗಿನ ಕಾಡಿನಲ್ಲಿ ಜಿಂಕೆ, ಕೆಂದಳಿಲು, ಹೆಬ್ಬಾವು ಎಲ್ಲ ಇವೆ. ಮಂಗಟ್ಟೆಗಂತೂ ಬೇಲಿಯೇ ಇಲ್ಲ. ಬೇಲಿಯ ಹೊರಗಿನ ನನಗೆ ಸುರಕ್ಷಿತ ಎಂಬುದರಿಂದ ಒಳಗಿನ ಜಿಂಕೆಗೂ ಸುರಕ್ಷಿತ ಎಂದು ಹೇಗೆ ಹೇಳುವುದು?

ಎಣಿಕೆಗಾರ

ಶಹಬ್ಬಾಸ್. ಹಳೆಯ ವಾಕ್ಯ ಸೋತದ್ದು ಅಲ್ಲೇ. ಮನುಷ್ಯ ಇರುವ ಜಾಗದಲ್ಲಿ ಅದು ಬಹುಮಟ್ಟಿಗೆ ಸರಿ, ಇಲ್ಲದ ಜಾಗದಲ್ಲಿ ಅಲ್ಲ. ಆಳ ಸಮುದ್ರಕ್ಕೆ ಡ್ರಮ್ಮುಗಟ್ಟಲೆ ತ್ಯಾಜ್ಯ ಎಸೆದ ಕಾಲವೂ ಇತ್ತು. ಅಲ್ಲಿ ಮನುಷ್ಯನಿಗೆ ತಲುಪುವುದು ಹೆಚ್ಚುಕಡಿಮೆ ಸೊನ್ನೆ, ತಳದ ಏಡಿಗೆ? ನದಿಯ ಕೆಸರೂ ಹಾಗೆಯೇ. ಸೀಸಿಯಂ ಎಂಬ ವಿಕಿರಣ ವಸ್ತು ಮಣ್ಣಿನ ಕಣಕ್ಕೆ ಅಂಟಿಕೊಂಡು ತಳ ಸೇರುತ್ತದೆ. ಮನುಷ್ಯ ಮೇಲಿನ ನೀರು ಕುಡಿದು ಹೋಗುತ್ತಾನೆ, ಹುಳ ಜೀವಮಾನವಿಡೀ ಕೆಸರಿನಲ್ಲೇ ಇರುತ್ತದೆ.

ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಸರಿಯಾಗಿ ನಡೆಯುತ್ತಿರುವ ಸ್ಥಾವರದ ಬೇಲಿಯಲ್ಲಿ ಸಿಗುವುದು 1 ಮಿಲಿಸೀವರ್ಟಿನ ಅತಿ ಸಣ್ಣ ಭಾಗ. ಒಳಗೆ ಅದರ ಹಲವು ಪಟ್ಟು ಇದ್ದರೂ ಜಿಂಕೆಯ ಯೋಚನಾ ಮಟ್ಟದ ಹತ್ತಿರಕ್ಕೂ ಹೋಗದು. ಭಯ ಪಡಿ ಎಂದು ನಾನು ಹೇಳುತ್ತಿಲ್ಲ. ‘ತಾನಾಗಿಯೇ ಸುರಕ್ಷಿತ’ ಎಂದು ನಂಬುವುದು ಬೇರೆ, ‘ಅಳೆದೆವು, ಕಡಿಮೆ ಇತ್ತು’ ಎಂದು ಹೇಳುವುದು ಬೇರೆ.

ಬೇಲಿಯ ಹೊರಗೆ

ಅಳೆಯುವವರೂ ಅವರೇ, ಕಡಿಮೆ ಎನ್ನುವವರೂ ಅವರೇ. ಕಳ್ಳನ ಮನೆಯ ತಕ್ಕಡಿ.

ಎಣಿಕೆಗಾರ

ಮೂವತ್ತು ವರ್ಷ ಆ ತಕ್ಕಡಿ ಹಿಡಿದವನು ನಾನು, ಕಳ್ಳ ಎಂದರೆ ನೋವಾಗುತ್ತದೆ. ಮೀನು ತಂದು ತೊಳೆದು, ಒಣಗಿಸಿ, ಕುಲುಮೆಯಲ್ಲಿ ಬಿಳಿ ಬೂದಿಯಾಗುವವರೆಗೆ ಸುಡುತ್ತಿದ್ದೆವು. ಕೋಣೆಯೆಲ್ಲ ಸುಟ್ಟ ಕರಿಮೀನಿನ ವಾಸನೆ. ಒಂದು ಬುಟ್ಟಿ ಮೀನು ಕೊನೆಗೆ ಅಂಗೈಯಗಲದ ಡಬ್ಬಿಗೆ ಇಳಿಯುತ್ತಿತ್ತು. ಅದನ್ನು ಸೀಸದ ಗೂಡಿನೊಳಗೆ, ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಜರ್ಮೇನಿಯಂ ಹರಳಿನ ಎದುರಿಟ್ಟು ರಾತ್ರಿಯಿಡೀ ಎಣಿಸಬೇಕು. ಕಸಾಯಿಖಾನೆಯಿಂದ ಆಡಿನ ಥೈರಾಯ್ಡ್ ಗ್ರಂಥಿ ಕೇಳಿ ತರುತ್ತಿದ್ದೆವು, ಅಯೋಡಿನ್ ಬಂದಿದ್ದರೆ ಅಲ್ಲೇ ಮೊದಲು ಕೂಡಿಕೊಳ್ಳುತ್ತದೆಂದು. ಕಟುಕ ನಮ್ಮನ್ನು ಮಾಟಗಾರರೆಂದು ತಿಳಿದಿದ್ದ.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಅದೇ ಮೀನನ್ನು ಹೊರಗಿನವರೂ ಸುಟ್ಟು ನೋಡುವಂತಿರಬೇಕು.

ಮಂಗಳಗಂಗೋತ್ರಿ ಬಸ್ ಸ್ಟಾಪ್

ಹೊರಗಿನವರು ನೋಡಿಯೇ ಇಲ್ಲ ಎನ್ನಬೇಡಿ. ಮಂಗಳೂರು ವಿಶ್ವವಿದ್ಯಾಲಯದವರು ಕೈಗಾ ಸುತ್ತಲಿನ ಮಣ್ಣು, ಗಿಡ, ನೀರು ಅಳೆದು ಬರೆದಿದ್ದಾರೆ. ನಿಮಗೆ ಇಷ್ಟವಾಗುವ ವಿಷಯ: ಮರದ ಮೇಲಿನ ಹಾವಸೆಯನ್ನೂ ಆರ್ಕಿಡನ್ನೂ ಅವರು ಪತ್ತೇದಾರರಂತೆ ಬಳಸಿದ್ದರು. ಅವಕ್ಕೆ ನೆಲದ ಸಂಪರ್ಕವಿಲ್ಲ, ಬೇಕಾದ್ದನ್ನೆಲ್ಲ ಗಾಳಿ ಮಳೆಯಿಂದಲೇ ಹೀರಬೇಕು. ಹಾಗಾಗಿ ಗಾಳಿಯಲ್ಲಿ ಬಂದದ್ದರ ದಾಖಲೆ ಅವುಗಳಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು, ಬೇಲಿಯ ಹೊರಗಿನ ಹಿರಿಯರು ಸಿಟ್ಟಾಗಬಾರದು. ಬಳಚಿನಂಥ ಚಿಪ್ಪಿನ ಪ್ರಾಣಿಗಳ ಮೈಯಲ್ಲಿ ಹೆಚ್ಚು ಎಣಿಕೆ ಕೊಡುವುದು ಸಾಮಾನ್ಯವಾಗಿ ಪೊಲೋನಿಯಂ-210. ಅದು ನಿಸರ್ಗದ್ದೇ, ಯುರೇನಿಯಂ ಸರಣಿಯ ಕೂಸು. ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಅಲ್ಲಲ್ಲಿ ಸಿಗುತ್ತದೆ. ಸ್ಥಾವರ ಬರುವ ಮುಂಚಿನ ಅಳತೆ ಇಲ್ಲದಿದ್ದರೆ ಯಾವುದು ನಿಸರ್ಗದ್ದು, ಯಾವುದು ಸ್ಥಾವರದ್ದು ಎಂದು ಬೇರ್ಪಡಿಸುವುದು ಕಷ್ಟ.

ಕಾರವಾರ ಬಂದರು

ಬಳಚಿನ ಹೆಸರು ಎತ್ತಿದಿರಾ! ಸದಾಶಿವಗಡದ ಹತ್ತಿರ ಇಳಿತದಲ್ಲಿ ಹೆಂಗಸರು ಸೊಂಟಮಟ್ಟ ನೀರಿಗಿಳಿದು ಕಾಲಿನಲ್ಲೇ ತಡವಿ ತೆಗೆಯುತ್ತಾರೆ. ಕಾಯಿತುರಿ ಹಾಕಿ ಸುಕ್ಕ ಮಾಡಿದರೆ ಯಾವ ಪೊಲೋನಿಯಂ ಬಂದರೂ ಎರಡು ತುತ್ತು ಹೆಚ್ಚೇ ಇಳಿಯುತ್ತದೆ.

ಅಂದಹಾಗೆ ಅದೇ ಕಾಳಿ ಮೇಲಿನ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದು ಲಾರಿ ನೀರಿಗೆ ಬಿತ್ತು. ಕಣ್ಣಿಗೆ ಕಾಣುವ ಸೇತುವೆಯನ್ನೇ ನೋಡಿಕೊಳ್ಳದ ನಾವು ಕಣ್ಣಿಗೆ ಕಾಣದ್ದನ್ನು ನೋಡಿಕೊಳ್ಳುತ್ತೇವೆಯೇ ಎಂಬುದು ನನ್ನ ಚಿಂತೆ.

ಸುಮ್ಮನೆ ಓದುವವನು

ಸುಕ್ಕದ ವಿಧಾನ ಪೂರ್ತಿ ಬರೆಯಿರಿ.

ಶಹಾಪುರ ಬೋರ್‌ವೆಲ್

ನೀವು ಕರಾವಳಿಯವರು ಸ್ಥಾವರ ಸ್ಥಾವರ ಎನ್ನುತ್ತೀರಿ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸ್ಥಾವರವೇ ಇಲ್ಲ, ಯುರೇನಿಯಂ ಇರುವುದು ನೆಲದೊಳಗೆ. ಗಣಿಯ ಮಾತು ಬಂದಾಗಿನಿಂದ ಊರಿನಲ್ಲಿ ನೆಮ್ಮದಿಯಿಲ್ಲ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಕಲ್ಲಿನೊಳಗಿನದು ನೀರಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎನ್ನುತ್ತದೆ. ನಮ್ಮೂರಿನ ಎಮ್ಮೆ ಯಾವ ಮಾರ್ಗಸೂಚಿ ಓದಿ ನೀರು ಕುಡಿಯಬೇಕು?

ಮಂಗಳಗಂಗೋತ್ರಿ ಬಸ್ ಸ್ಟಾಪ್

ನೀರಿನ ಯುರೇನಿಯಂ ವಿಷಯದಲ್ಲಿ ಆ 30 ಎಂಬ ಅಂಕಿ ವಿಕಿರಣಕ್ಕೆ ಹೆದರಿ ಹಾಕಿದ್ದಲ್ಲ. ಸೀಸದಂತೆ ಅದೂ ಭಾರ ಲೋಹ, ಮೊದಲು ಕೆಡುವುದು ಮೂತ್ರಪಿಂಡ. ಎಮ್ಮೆಗೂ ಮೂತ್ರಪಿಂಡ ಇದೆ ಎಂಬ ನಿಮ್ಮ ಮಾತು ನ್ಯಾಯವೇ.

ಸೆಂದಾಯ್ ಕನ್ನಡಿಗ

ಜಪಾನಿನಿಂದ ಬರೆಯುತ್ತಿದ್ದೇನೆ. 2011ರ ಮಾರ್ಚ್ 11ರ ಸುನಾಮಿ, ಫುಕುಶಿಮಾ ಅಣು ಸ್ಥಾವರದ ಅಪಘಾತ ಆದಮೇಲೆ ಇಲ್ಲಿ ಆಹಾರಕ್ಕೆ ಕೆಜಿಗೆ 100 ಬೆಕೆರೆಲ್ (ಸೆಕೆಂಡಿಗೆ ನೂರು ಪರಮಾಣು ವಿಘಟನೆಯಾಗುವಷ್ಟು) ಸೀಸಿಯಂ ಎಂಬ ಮಿತಿ ಬಂತು. ಅಕ್ಕಿ, ತರಕಾರಿ ಕೆಲವೇ ವರ್ಷಗಳಲ್ಲಿ ಬಹುತೇಕ ಅದರೊಳಗೆ ಬಂದವು. ಗದ್ದೆಗೆ ಪೊಟ್ಯಾಷ್ ಹಾಕಿದರು, ಗಿಡ ಸೀಸಿಯಂ ಬದಲು ಅದನ್ನು ಹೀರಿಕೊಳ್ಳಲೆಂದು. ಮೊಂಡು ಹಿಡಿದದ್ದು ಕಾಡು. ಕಾಡಣಬೆ, ಕಾಡುಹಂದಿ, ವಸಂತದಲ್ಲಿ ಕಾಡಿನಿಂದ ತರುವ ಕೋಶಿಅಬುರ ಎಂಬ ಚಿಗುರು, ಇವು ಇಂದಿಗೂ ಮಿತಿ ದಾಟುವುದುಂಟು. ಗದ್ದೆ ಉಳುತ್ತೇವೆ, ಗೊಬ್ಬರ ಹಾಕುತ್ತೇವೆ. ಕಾಡಿನಲ್ಲಿ ಎಲೆ ಉದುರಿ, ಕೊಳೆತು, ಅಣಬೆಯಾಗಿ, ಹಂದಿಯ ಹೊಟ್ಟೆ ಸೇರಿ ಅದೇ ಸೀಸಿಯಂ ಸುತ್ತುತ್ತಲೇ ಇರುತ್ತದೆ. ಅದರ ಅರ್ಧಾಯುಷ್ಯ 30 ವರ್ಷ. ನಮ್ಮಜ್ಜಿ ಮಳೆಗಾಲದಲ್ಲಿ ಅಣಬೆ ಹುಡುಕಿ ತರುತ್ತಿದ್ದುದು ಇಲ್ಲಿನ ಮುದುಕಿಯರನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ. ಇವರು ತಂದ ಚಿಗುರನ್ನು ಮೊದಲು ಅಳೆಸಲು ಒಯ್ಯುತ್ತಾರೆ, ಆಮೇಲೆ ಒಲೆಗೆ.

ಗುಬ್ಬಿ ಗೂಡು

ಫುಕುಶಿಮಾ ಸ್ಥಾವರದ ನೀರನ್ನು ಸಮುದ್ರಕ್ಕೆ ಬಿಟ್ಟಿದ್ದು?

ಸೆಂದಾಯ್ ಕನ್ನಡಿಗ

2023ರ ಆಗಸ್ಟ್‌ನಲ್ಲಿ ಆರಂಭವಾಯಿತು. ಉಳಿದ ವಿಕಿರಣ ವಸ್ತುಗಳನ್ನು ಬಹುಮಟ್ಟಿಗೆ ಸೋಸುತ್ತಾರೆ, ಟ್ರಿಟಿಯಂ ಸೋಸಲು ಬಾರದು, ಅದು ನೀರೇ ಆಗಿಬಿಟ್ಟಿರುತ್ತದೆ. ಹಾಗಾಗಿ ತೆಳುವಾಗಿಸಿ ಬಿಡುತ್ತಾರೆ. ನಾನು ಮೀನು ತಿನ್ನುತ್ತೇನೆ. ನನ್ನ ಹೆಂಡತಿ ತಿನ್ನುವುದಿಲ್ಲ. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿದೆ.

ಎಣಿಕೆಗಾರ

ಕೈಗಾದಂಥ ಭಾರಜಲದ ರಿಯಾಕ್ಟರುಗಳಲ್ಲೂ ಟ್ರಿಟಿಯಂ ತಪ್ಪಿದ್ದಲ್ಲ. ಅದರ ಬೀಟಾ ಕಣ ತೀರಾ ದುರ್ಬಲ, ಚರ್ಮವನ್ನೂ ದಾಟದು. ಮೈಯೊಳಗೆ ಸೇರಿದರೆ ಮಾತ್ರ ಲೆಕ್ಕ. ಮನುಷ್ಯನ ಮೈಯಿಂದ ಸುಮಾರು ಹತ್ತು ದಿನಕ್ಕೆ ಅರ್ಧ ಹೊರಹೋಗುತ್ತದೆ. ಗಿಡದ ಎಲೆಯೊಳಗೆ ಸಾವಯವ ವಸ್ತುವಿಗೆ ಸೇರಿಕೊಂಡದ್ದು ಮಾತ್ರ ಅಷ್ಟು ಬೇಗ ಹೋಗದು. ಮರಕ್ಕೂ ಮನುಷ್ಯನಿಗೂ ಒಂದೇ ಲೆಕ್ಕ ಸಾಲದು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

ಕದ್ರಾ ಹಿನ್ನೀರು

ಎಲ್ಲರೂ ವಿಕಿರಣ ಹಿಡಿದು ಕುಳಿತಿದ್ದೀರಿ. ಸ್ಥಾವರ ತಂಪಾಗಲು ನೀರು ಎತ್ತುವುದು ನಮ್ಮ ಕದ್ರಾ ಜಲಾಶಯದಿಂದ, ಬಿಸಿಯಾಗಿ ವಾಪಸು ಬಿಡುವುದೂ ಅಲ್ಲಿಗೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ನನ್ನ ಪ್ರಕಾರ ಮೀನಿಗೆ ಮೊದಲು ತಗಲುವುದು ಅದು. ಈಗ 700 ಮೆಗಾವಾಟ್‌ನ ಇನ್ನೆರಡು ಘಟಕ ಬರುತ್ತಿವೆ. 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದ ಅಹವಾಲು ಸಭೆಗೆ ನಾನೂ ಹೋಗಿದ್ದೆ. 2019ರ ನೆರೆಯಲ್ಲಿ ಅಣೆಕಟ್ಟಿನ ಗೇಟು ತೆರೆದಾಗ ಕೆಳಗಿನ ಮನೆಗಳಿಗೆ ನೀರು ನುಗ್ಗಿತು. ನಾಯಿ, ದನಗಳ ಲೆಕ್ಕ ಆಗಲೂ ಯಾರೂ ಇಡಲಿಲ್ಲ.

ಶಿಫ್ಟ್ ಬಸ್

ಬಿಸಿನೀರಿನ ಮಾತು ಒಪ್ಪುತ್ತೇನೆ. ಅದಕ್ಕೆ ಥರ್ಮಾಮೀಟರ್ ಸಾಕು, ಅಣುವಿಜ್ಞಾನಿ ಬೇಡ.

ಶಿರಸಿ ಜೇನುಪೆಟ್ಟಿಗೆ

ಸರಿ, ಕಾಳಿ ಕಣಿವೆಗೆ ನಮ್ಮದೇ ಹನ್ನೆರಡು ಆರಿಸೋಣ. ನನ್ನದು ತುಡುವೆ ಜೇನು, ಹಲಸು, ಮರದ ಹಾವಸೆ.

ಕಾರವಾರ ಬಂದರು

ಬಳಚು. ಅದರಲ್ಲಿ ರಾಜಿಯಿಲ್ಲ.

ಸೆಂದಾಯ್ ಕನ್ನಡಿಗ

ಅಣಬೆ ಮರೆಯಬೇಡಿ. ಹಂದಿಯನ್ನೂ.

ಬೇಲಿಯ ಹೊರಗೆ

ಗದ್ದೆ ಏಡಿ, ಹೊಳೆಯ ಕಪ್ಪೆ. ಮತ್ತು ಗುತ್ತಿಗೆ ನೌಕರ.

ಶಿಫ್ಟ್ ಬಸ್

ಹಿರಿಯರೇ, ನನ್ನ ಎದೆಯ ಮೇಲೆ ಬ್ಯಾಡ್ಜ್ ಇದೆ, ತಿಂಗಳ ಲೆಕ್ಕ ಬರುತ್ತದೆ. ಕಪ್ಪೆಗೆ ನನ್ನ ಜಾಗ ಬಿಟ್ಟುಕೊಟ್ಟೆ.

ಅರ್ಧ ಲೆಕ್ಕ

ಮಂಗಟ್ಟೆಗೆ ಬ್ಯಾಡ್ಜ್ ಕಟ್ಟುವುದು ಹೇಗೆ?

ಎಣಿಕೆಗಾರ

ಕಟ್ಟುವುದಿಲ್ಲ. ಅದು ತಿನ್ನುವ ಹಣ್ಣು, ಕೂರುವ ಮರ, ಕೆಳಗಿನ ಮಣ್ಣು ಅಳೆದು, ಅದರ ಗಾತ್ರದ ಒಂದು ಮೊಟ್ಟೆಯಾಕಾರದ ಬೊಂಬೆ ಎಂದು ಊಹಿಸಿ ಲೆಕ್ಕ ಕಟ್ಟುತ್ತಾರೆ. ಜಿಂಕೆಯೂ ಆ ಲೆಕ್ಕದಲ್ಲಿ ಕಾಲಿಲ್ಲದ ಮೊಟ್ಟೆಯೇ.

ಕಾಳಿಯ ದಡ

ನಿನ್ನೆ ತಾಯಿತ ಬದಲಿಸಲು ಬಂದಿದ್ದರು. ಬಿಚ್ಚಲು ಹೋದರೆ ಡಬ್ಬಿಯೇ ಕಾಣದು. ಚಗಳಿ ಇರುವೆಗಳು ಎಲೆ ಹೆಣೆದು ಅದನ್ನೇ ಒಳಗಿಟ್ಟುಕೊಂಡು ಗೂಡು ಕಟ್ಟಿವೆ. ಪಾಪ, ಹುಡುಗ ಮೊಣಕೈವರೆಗೆ ಕಚ್ಚಿಸಿಕೊಂಡ. ಅಮ್ಮ ಒಳಗಿನಿಂದ ಸುಣ್ಣ ತಂದು ಹಚ್ಚುತ್ತಾ, “ನೋಡು, ಇವುಗಳಿಗೆ ಮೂರು ತಿಂಗಳಿನ ಲೆಕ್ಕ ಸರಿಯಾಗಿ ಸಿಕ್ಕಿತಲ್ಲ” ಎಂದಳು. ಅವನೂ ನಕ್ಕ, ಚೀಟಿಯ ಮೇಲೆ ಏನೋ ಬರೆದುಕೊಂಡ. ಹೊಸ ಡಬ್ಬಿಯನ್ನು ಒಂದು ಮೊಳ ಕೆಳಗೆ ಕಟ್ಟಿ ಹೋಗಿದ್ದಾನೆ. ಮಂಗಟ್ಟೆಯ ಬಾಗಿಲು ಇನ್ನೂ ಒಡೆದಿಲ್ಲ.

ಸುಮ್ಮನೆ ಓದುವವನು

ಹಾಗಾದರೆ ಹದಿಮೂರನೆಯದು ಚಗಳಿ. ಚಟ್ನಿ ಮಾಡುವವರು ಮೊದಲು ಅಳೆಸಿಕೊಳ್ಳಿ. ಬಳಚಿನ ಸುಕ್ಕದ ವಿಧಾನ ಇನ್ನೂ ಬಂದಿಲ್ಲ.